ಸಾಲಿನಲ್ಲಿ ಕೊನೆಯವನು

ಕಳೆದ ಭಾನುವಾರ ನಮ್ಮ ಹಳೆಯ ಕಂಪನಿಗೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಿವೃತ್ತನಾದ ಮೇಲೆ ನಾನು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಮಗಳ ಫ್ಲಾಟಿನಲ್ಲಿ ಇದ್ದೇನೆ. ಇಬ್ಬರ ಕೈಯಲ್ಲೂ ದಾರಿ ತೋರಿಸುವ ಗಡಿಯಾರವಿತ್ತು, ಮುಖದಲ್ಲಿ ಹುಮ್ಮಸ್ಸಿತ್ತು. "ಹಸನಾಕ, ನೀವು ಒಂಬತ್ತು ವರ್ಷ ಬೆಟ್ಟಕ್ಕೆ ಜನ ಕರ್ಕೊಂಡು ಹೋದವರು. ನಮಗೆ ಎಂತಾದ್ರೂ ಹೇಳಿಕೊಡಿ" ಎಂದರು. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಬರೆದು ಕೊಡುತ್ತೇನೆ ಎಂದೆ. ಮಕ್ಕಳೇ, ಬೆಟ್ಟ ಹತ್ತುವುದು ಹೇಗೆಂದು ನಿಮಗೆ ಆ ಗಡಿಯಾರ ಹೇಳಿಕೊಡುತ್ತದೆ. ಹೆದರುವುದು ಹೇಗೆಂದು ಅದು ಹೇಳಿಕೊಡುವುದಿಲ್ಲ. ಅದೊಂದನ್ನು ನಾನು ಚೆನ್ನಾಗಿ ಕಲಿತಿದ್ದೇನೆ.

ನಾನು ಹುಟ್ಟಾ ಹೆದರುಪುಕ್ಕಲ. ಉಳ್ಳಾಲದ ಸಮುದ್ರದ ಬದಿಯಲ್ಲಿ ಬೆಳೆದವನು, ಊರಿನಲ್ಲಿ ನಾನು ಹತ್ತಿದ ಅತಿ ಎತ್ತರದ ಜಾಗವೆಂದರೆ ನಮ್ಮ ಮಸೀದಿಯ ಟೆರೇಸು. ಅಬುಧಾಬಿಗೆ ಬಂದದ್ದು ಡ್ರೈವರನಾಗಿ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿದ್ದ ಸಣ್ಣ ಟೂರಿಸ್ಟ್ ಕಂಪನಿಯ ಬಸ್ಸನ್ನು ಹದಿನೆಂಟು ವರ್ಷ ಓಡಿಸಿದೆ. ಕೂತು ಕೂತು ಸೊಂಟ ಹಿಡಿದುಕೊಂಡಿತು. ಡಾಕ್ಟರು, ಇನ್ನು ಸ್ಟೇರಿಂಗ್ ಹಿಡಿಯಬೇಡ, ದಿನಾ ನಡೆ ಎಂದರು. ನಮ್ಮ ಮ್ಯಾನೇಜರ್ ಕುರಿಯನ್ ಸರ್ ಅದನ್ನೇ ಹಿಡಿದುಕೊಂಡರು. "ಡಾಕ್ಟರ್ ನಡೆಯಲು ಹೇಳಿದ್ದಾರಲ್ಲ? ಹಾಗಾದರೆ ನಡೆ. ಸಂಬಳವನ್ನೂ ಕೊಡುತ್ತೇನೆ" ಎಂದು ಅವರ ಮಲಯಾಳದಲ್ಲಿ ಹೇಳಿ ನಕ್ಕರು.

ಈ ಕುರಿಯನ್ ಸರ್ ಒಮ್ಮೆ ರಜೆಯಲ್ಲಿ ಯುರೋಪಿಗೆ ಹೋಗಿದ್ದರು. ಅಲ್ಲಿ ಫ್ರಾನ್ಸಿಗೂ ಸ್ಪೇನಿಗೂ ನಡುವೆ ಪಿರನೀಸ್ ಎಂಬ ಬೆಟ್ಟಗಳಿವೆಯಂತೆ. ಅಲ್ಲಿ ಅಜ್ಜ ಅಜ್ಜಿಯರೂ ಎರಡು ಗಂಟೆ ನಡೆದು, ಒಂದು ವ್ಯೂ ಪಾಯಿಂಟಿನಲ್ಲಿ ಕೂತು ತಿಂಡಿ ತಿಂದು, ಮಧ್ಯಾಹ್ನದ ಊಟಕ್ಕೆ ಕೆಳಗಿಳಿಯುತ್ತಾರಂತೆ. ಸರ್‌ಗೆ ಅದು ತಲೆಗೆ ಹತ್ತಿತು. ವಾಪಸು ಬಂದವರೇ ದುಬೈಗೆ ಸೇರಿದ ಹತ್ತಾ ಎಂಬ ಊರಿನ ಕಡೆಯ ಬೆಟ್ಟದಲ್ಲಿ ಒಂದು ದಾರಿ ಹುಡುಕಿಸಿದರು. ಜಾಹೀರಾತಿನ ಕಾಗದಕ್ಕೆ ಅಲ್ಲಿಯ ವಿವರಣೆಯನ್ನೇ ಇಳಿಸಿಕೊಂಡರು: 'ಎಲ್ಲ ವಯಸ್ಸಿನವರಿಗೂ ಸುಲಭ. ದಾರಿಯುದ್ದಕ್ಕೂ ನೆರಳು.' ಮೊದಲ ವಾರ ಬಂದ ಒಬ್ಬರು ಬೋಳು ಕಲ್ಲುಗುಡ್ಡದ ಮಧ್ಯೆ ನಿಂತು, "ನೆರಳು ಎಲ್ಲಿ ಉಂಟು ಮಾರಾಯ್ರೆ?" ಎಂದು ಕೇಳಿದರು. "ನಿಮ್ಮದೇ ಕಾಲಬುಡದಲ್ಲಿ ಉಂಟಲ್ಲ" ಎಂದೆ. ಅವರು ನಗಲಿಲ್ಲ.

'ಸುಲಭ' ಎಂಬ ಮಾತಿಗೆ ನಾನು ಹೆದರಲು ಶುರುಮಾಡಿದ್ದು ಆವಾಗಲೇ. ಕಷ್ಟ ಎಂದು ಬರೆದರೆ ಜನ ತಯಾರಾಗಿ ಬರುತ್ತಾರೆ. ಸುಲಭ ಎಂದು ಬರೆದರೆ ಶಾಪಿಂಗ್ ಮಾಲಿಗೆ ಹೋಗುವ ಚಪ್ಪಲಿಯಲ್ಲಿ ಬರುತ್ತಾರೆ. ಒಬ್ಬರು ಏಳೆಂಟು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಶೂ ಹಾಕಿ ಬಂದರು. ಬಿಸಿ ಕಲ್ಲಿನ ಮೇಲೆ ಅರ್ಧ ಗಂಟೆ ನಡೆಯುವಷ್ಟರಲ್ಲಿ ಅಂಟು ಬಿಟ್ಟು ಎರಡೂ ಶೂಗಳ ಅಟ್ಟೆಗಳು ಕಳಚಿ ಬಿದ್ದವು. ಅವರ ಹೆಂಡತಿಯ ದುಪಟ್ಟಾವನ್ನು ಎರಡು ಸೀಳು ಮಾಡಿ ಶೂಗೆ ಸುತ್ತಿ ಕೆಳಗಿಳಿಸಿದೆವು. ಆ ಹೆಂಗಸು ಇಳಿಯುವವರೆಗೂ ಬೈದದ್ದು ನನ್ನನ್ನು. ದುಪಟ್ಟಾ ಹೊಸದಂತೆ.

ನಮ್ಮ ಕೆಲಸದ ಕ್ರಮ ಹೀಗಿತ್ತು. ಮುಂದೆ ಗುರುಂಗ್, ಅವನು ನೇಪಾಳದವನು, ಬೆಟ್ಟದಲ್ಲಿ ಹುಟ್ಟಿದವನು, ನಮ್ಮ ಮುಖ್ಯ ಗೈಡ್. ನಡುವೆ ಅತಿಥಿಗಳು. ಕೊನೆಯಲ್ಲಿ ನಾನು. ಮೊದಲ ದಿನವೇ ಗುರುಂಗ್ ತನ್ನ ಹಿಂದಿಯಲ್ಲಿ ಹೇಳಿದ್ದ: "ಹಸನ್ ಭಾಯ್, ನಿನ್ನ ಕೆಲಸ ಒಂದೇ. ನಿನ್ನ ಹಿಂದೆ ಯಾರೂ ಇರಬಾರದು." ಕೇಳಲು ಇಷ್ಟೇ. ಆದರೆ ಎಲ್ಲರಿಗಿಂತ ನಿಧಾನದವರ ಕಾಲಿಗೆ ನಮ್ಮ ಕಾಲನ್ನು ಹೊಂದಿಸಬೇಕು. ಅವರು ನಿಂತರೆ ನಿಲ್ಲಬೇಕು, ಕೂತರೆ ಕೂರಬೇಕು, ನಮಗೆ ಅವಸರವಿಲ್ಲ ಎಂದು ಮುಖದಲ್ಲಿ ತೋರಿಸಬೇಕು. ನಾನು ಮೇಲೆ ತಲುಪುವಾಗ ಮುಂದಿನವರು ಫೋಟೋ ತೆಗೆದು ಮುಗಿಸಿ ಹೊರಟು ನಿಂತಿರುತ್ತಿದ್ದರು. ಅಂಚಿನಲ್ಲಿ ನಿಂತು ಕೆಳಗಿನ ಅಣೆಕಟ್ಟಿನ ನೀಲಿ ನೀರನ್ನು ನೋಡಲೆಂದೇ ಜನ ಅಷ್ಟು ದೂರ ಬರುತ್ತಿದ್ದರು. ನಾನು ಮಾತ್ರ ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು ಎಲ್ಲರ ಬೆನ್ನು ನೋಡಿಕೊಂಡು ಬಂದವನು.

ಎಣಿಕೆಗೆ ನನ್ನದೇ ಒಂದು ವಿಧಾನವಿತ್ತು. ಬೆಟ್ಟದಲ್ಲಿ ತಲೆ ಎಣಿಸಲು ಆಗುವುದಿಲ್ಲ, ಒಂದು ತಲೆ ಬಂಡೆಯ ಹಿಂದಿದ್ದರೆ ಇನ್ನೊಂದು ಸೆಲ್ಫಿಗೆ ಬಗ್ಗಿರುತ್ತದೆ. ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಮೂರು ನೀರಿನ ಬಾಟಲಿ ಕೊಡುತ್ತಿದ್ದೆ. ಮೂರರ ಮೇಲೂ ಮಾರ್ಕರಿನಲ್ಲಿ ಅವರ ನಂಬರು ಬರೆಯುತ್ತಿದ್ದೆ. ಇಳಿದ ಮೇಲೆ ಖಾಲಿ ಬಾಟಲಿಗಳನ್ನು ವಾಪಸು ಕೊಟ್ಟರೆ ಮಾತ್ರ ಬಸ್ಸಿಗೆ ಪ್ರವೇಶ. ಯಾರು ನೀರು ಕುಡಿದಿಲ್ಲ, ಯಾರು ಇನ್ನೂ ಬಂದಿಲ್ಲ ಎಲ್ಲ ಬಾಟಲಿಯೇ ಹೇಳುತ್ತಿತ್ತು. ಕುರಿಯನ್ ಸರ್ ಈ ಉಪಾಯಕ್ಕೆ ನನ್ನ ಬೆನ್ನು ತಟ್ಟಿದ್ದರು. ನನಗೂ ಸ್ವಲ್ಪ ಕೊಂಬು ಬಂದಿತ್ತು.

ಬೆಟ್ಟದ ಬುಡದಲ್ಲಿ ಅಬು ಖಲ್ಫಾನ್ ಎಂಬ ಇಲ್ಲಿಯವರೇ ಆದ ಮುದುಕರು ಆಡು ಸಾಕಿಕೊಂಡಿದ್ದರು. ಮಕ್ಕಳು ದುಬೈಯಲ್ಲಿ ದೊಡ್ಡ ಕೆಲಸದಲ್ಲಿದ್ದರೂ ಇವರು ಆ ಆಡುಗಳನ್ನು ಬಿಟ್ಟು ಹೋದವರಲ್ಲ. ನಮ್ಮ ಬಸ್ಸು ನಿಂತ ಕೂಡಲೇ ಫ್ಲಾಸ್ಕಿನಿಂದ ಗಾವಾ ಎಂಬ ಅರಬಿ ಕಾಫಿ ಬಗ್ಗಿಸಿ, ಖರ್ಜೂರ ಕೊಟ್ಟು, ನಾನು ನಂಬರು ಬರೆಯುವುದನ್ನು ನೋಡುತ್ತ ಕೂರುತ್ತಿದ್ದರು. "ನೀರಿಗೆ ಯಾಕೆ ನಂಬರು?" ಎಂದು ಒಮ್ಮೆ ಅರಬಿಯಲ್ಲಿ ಕೇಳಿದರು. ನನ್ನ ಹರಕು ಅರಬಿಯಲ್ಲಿ, ಜನ ಕಳೆದುಹೋಗದ ಹಾಗೆ ಎಂದೆ. ಅವರು ಗಡ್ಡದೊಳಗೇ ನಕ್ಕರು. ಯಾಕೆ ನಕ್ಕರೆಂದು ಆಗ ನನಗೆ ತಿಳಿಯಲಿಲ್ಲ.

ಈಗ ಆ ದಿನದ ಮಾತು ಬರೆಯುತ್ತೇನೆ. ಅದಕ್ಕಾಗಿಯೇ ಪೆನ್ನು ಹಿಡಿದದ್ದು.

ಮಾರ್ಚ್ ಕೊನೆ, ಆ ಋತುವಿನ ಕಡೆಯ ಚಾರಣ. ಏಪ್ರಿಲ್ ಬಂದರೆ ಬೆಟ್ಟ ಕಾದ ಹೆಂಚಾಗುತ್ತದೆ, ನಾವು ನಿಲ್ಲಿಸಿಬಿಡುತ್ತೇವೆ. ಅಂದು ಬಂದವರು ಖಾಲಿದಿಯಾದ ಒಂದು ಆಸ್ಪತ್ರೆಯ ನಮ್ಮೂರ ಕಡೆಯ ನರ್ಸುಗಳು ಮತ್ತು ಅವರ ಮನೆಯವರು, ಒಟ್ಟು ಹದಿನಾರು ಜನ. ಅವರಲ್ಲಿ ಎಲ್ಲರಿಗಿಂತ ನಿಧಾನ ಒಬ್ಬ ಕ್ರಿಶ್ಚಿಯನ್ ಹೆಂಗಸು, ಐವತ್ತಾರು ಐವತ್ತೇಳರ ವಯಸ್ಸು, ಶಿರ್ವ ಕಡೆಯವರು. ಅವರ ಬಾಟಲಿ ನಂಬರು ಹದಿನಾಲ್ಕು. ಮಗಳು ಶರೋನ್ ಇಲ್ಲೇ ಹುಟ್ಟಿ ಬೆಳೆದವಳು, ಮುಂದೆ ಗುರುಂಗನ ಜೊತೆ ಹಾರಿಕೊಂಡು ಹೋಗುತ್ತಿದ್ದಳು. ತಾಯಿಗೆ ಭಾರವಾಗದಿರಲೆಂದು ಎರಡು ಬಾಟಲಿ ಮತ್ತು ಫೋನನ್ನು ಮಗಳೇ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ತಾಯಿಯ ಕೈಯಲ್ಲಿದ್ದದ್ದು ಒಂದೇ ಬಾಟಲಿ. ನಾನು ಅದನ್ನು ನೋಡಿದ್ದೆ. ಮಗಳು ಮುಂದೆ ಇದ್ದಾಳಲ್ಲ ಎಂದು ಸುಮ್ಮನಿದ್ದೆ.

"ಎಂತ ಹಸನಾಕ, ನನ್ನಿಂದ ನಿಮಗೆ ಬಂಙ ಅಲ್ವಾ?" ಎಂದರು ಆ ಹೆಂಗಸು, ಮೊಣಕಾಲು ಹಿಡಿದುಕೊಂಡು.

"ಎಂತ ಬಂಙ ಅಕ್ಕ? ನಿಮ್ಮಿಂದ ನನಗೆ ಆರಾಮ. ಇಲ್ಲದಿದ್ದರೆ ಆ ನೇಪಾಳಿಯ ಹಿಂದೆ ಓಡ್ಬೇಕು."

ಅವರು ನಕ್ಕರು. "ಇಪ್ಪತ್ತೆಂಟು ವರ್ಷ ಆಯ್ತು ಬಂದು. ಡ್ಯೂಟಿ, ರೂಮು, ಇಗರ್ಜಿ. ಬೆಟ್ಟ ಉಂಟು ಅಂತ ಗೊತ್ತಿತ್ತು, ನೋಡ್ಲಿಕ್ಕೆ ಪುರ್ಸೊತ್ತು ಎಲ್ಲಿ? ಜೂನಿಗೆ ವೀಸಾ ಕ್ಯಾನ್ಸಲ್. ಒಂದು ಸಲ ಮೇಲಿಂದ ನೋಡಿ ಹೋಗುವ ಅಂತ."

ಒಣಗಿದ ಹೊಳೆಯ ಪಾತ್ರವನ್ನು ದಾಟಿ, ಕಲ್ಲಿನ ಏರು ಹತ್ತಿ, ಎರಡು ಗುಡ್ಡಗಳು ಕೂಡುವ ಕಣಿವೆಬಾಯಿಯ ಹತ್ತಿರ ಬಂದಾಗ ಅವರು ನಿಂತರು. ಮುಖ ಬೇರೆ ಕಡೆ ತಿರುಗಿಸಿ, "ನೀವು ಸ್ವಲ್ಪ ಮುಂದೆ ಹೋಗ್ತೀರಾ? ನಾನು ಈಗ ಬಂದೆ" ಎಂದರು. ಒಂದು ದೊಡ್ಡ ಬಂಡೆಯ ಕಡೆ ನೋಡಿದರು. ನನಗೆ ಅರ್ಥವಾಯಿತು. ಬೆಟ್ಟದಲ್ಲಿ ಹೆಂಗಸರಿಗೆ ಬೇರೆ ವ್ಯವಸ್ಥೆ ಏನಿದೆ?

"ಆಯ್ತು ಅಕ್ಕ, ಆರಾಮಾಗಿ ಬನ್ನಿ" ಎಂದು ನಾನು ದಾರಿಯ ತಿರುವು ದಾಟಿ ಮುಂದೆ ಹೋದೆ. ಹೋಗುವಾಗ ಕೇಳುವ ಹಾಗೆ ಎರಡು ಸಲ ಕೆಮ್ಮಿದೆ, ದೂರ ಹೋಗಿದ್ದೇನೆ ಎಂದು ಅವರಿಗೆ ಗೊತ್ತಾಗಲಿ ಎಂದು. ಆ ಕಡೆಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತೆ. ಈ ಕೆಲಸಕ್ಕೆ ಬಂದ ಮೇಲೆ ನಾನು ಮೊದಲ ಬಾರಿಗೆ ಒಬ್ಬ ಅತಿಥಿಯ ಮುಂದೆ ಹೋಗಿದ್ದೆ. ಸಾಲಿನ ಕೊನೆಯವನು ನಾನಾಗಿರಲಿಲ್ಲ. ಆದರೆ ಅದು ತಲೆಗೇ ಬರಲಿಲ್ಲ. ಮರ್ಯಾದೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಐದು ನಿಮಿಷ ಆಯಿತು, ಹತ್ತಾಯಿತು. ವಯಸ್ಸಾದವರು, ಮೊಣಕಾಲು ನೋವು, ಎದ್ದು ಬರಲು ಹೊತ್ತಾಗಬಹುದು ಎಂದುಕೊಂಡೆ. ಹದಿನೈದಾಯಿತು. ಈಗಲೇ ಹೋಗಿ ಇಣುಕಿದರೆ, ಅವರು ಇನ್ನೂ ಮುಗಿಸಿರದಿದ್ದರೆ? ಆ ಮುಖ ಹೊತ್ತು ಇಳಿಯುವುದು ಹೇಗೆ? ಬೆವರು ಒರೆಸಿಕೊಳ್ಳುತ್ತ ಇನ್ನೂ ಕೂತೆ. ಮಕ್ಕಳೇ, ನಾಚಿಕೆಗಾಗಿ ನಾನು ಇಪ್ಪತ್ತು ನಿಮಿಷ ಆ ಕಲ್ಲಿನ ಮೇಲೆ ಕೂತಿದ್ದೆ.

ಕೊನೆಗೆ, "ಅಕ್ಕಾ, ಬರ್ಬೋದಾ?" ಎಂದು ಕರೆದೆ. ಉತ್ತರವಿಲ್ಲ. ಜೋರಾಗಿ ಕರೆದೆ. ಇಲ್ಲ. ಎದ್ದು ಹೋಗಿ ಬಂಡೆಯ ಹಿಂದೆ ನೋಡಿದೆ. ಯಾರೂ ಇರಲಿಲ್ಲ.

ಬಂಡೆಯ ಆಚೆ ಬದಿಯಿಂದ ಒಂದು ದಾರಿ ಹೊರಟಿತ್ತು. ಆಡುಗಳು ನಡೆದು ನಡೆದು ಸವೆದ ದಾರಿ, ನಮ್ಮ ದಾರಿಗಿಂತ ಅದೇ ಚೆನ್ನಾಗಿತ್ತು. ಆ ಬದಿಯಿಂದ ಎದ್ದು ಬಂದವರು ಅದನ್ನೇ ನಮ್ಮ ದಾರಿ ಎಂದುಕೊಳ್ಳುವುದು ಸಹಜ. ಆದರೆ ಆ ದಾರಿ ಸ್ವಲ್ಪ ದೂರದಲ್ಲೇ ಮೂರಾಗಿ, ಮೂರು ಕಡೆಗೆ ಒಡೆಯುತ್ತಿತ್ತು. "ಅಕ್ಕಾ! ಅಕ್ಕಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ದನಿ ಎದುರು ಗುಡ್ಡಕ್ಕೆ ಬಡಿದು ಅಲ್ಲಿಂದ ಯಾರೋ ಕೂಗಿದ ಹಾಗೆ ವಾಪಸು ಬಂತು. ಬೇರೇನೂ ಬರಲಿಲ್ಲ.

ಆಗಲೇ ಸೊಂಟದ ವಾಕಿಟಾಕಿ ಗುರುಗುಟ್ಟಿತು. ಮೇಲಿನಿಂದ ಗುರುಂಗ್. "ಹಸನ್ ಭಾಯ್, ಎಲ್ಲಿದ್ದೀರಿ? ಅಮ್ಮ ಎಲ್ಲಿ ಎಂದು ಮಗಳು ಕೇಳುತ್ತಿದ್ದಾಳೆ."

ಮಗಳು ಅವನ ಪಕ್ಕದಲ್ಲೇ ಇದ್ದಾಳೆ, ನಾನು ಹೇಳುವುದೆಲ್ಲ ಅವಳಿಗೆ ಕೇಳುತ್ತದೆ. ಇನ್ನೆರಡು ನಿಮಿಷ, ಈ ತಿರುವಿನ ಆಚೆ ನೋಡಿದರೆ ಅಲ್ಲೇ ಸಿಗುತ್ತಾರೆ ಎಂದು ಮನಸ್ಸು ಹೇಳಿತು. ನಾನು ಗುಂಡಿ ಒತ್ತಿ, "ಇಲ್ಲೇ ಇದ್ದೇವೆ. ಸ್ವಲ್ಪ ಕೂತಿದ್ದಾರೆ. ಬರ್ತೇವೆ" ಎಂದುಬಿಟ್ಟೆ.

ನನ್ನ ಕೆಲಸದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು. ಅದನ್ನು ಹೇಳಿ ಒಂದು ಕವಲಿನಲ್ಲಿ ಓಡಿದೆ, ವಾಪಸು ಬಂದು ಇನ್ನೊಂದರಲ್ಲಿ ಓಡಿದೆ. ಹೀಗೆ ಮತ್ತೆ ಇಪ್ಪತ್ತು ನಿಮಿಷ ಹಾಳಾಯಿತು. ಬಿಸಿಲು ಏರುತ್ತಿತ್ತು. ಕೈಯೂರಿದ ಕಲ್ಲು ಸುಡತೊಡಗಿದಾಗ ನನಗೆ ನಿಜವಾಗಿ ಬುದ್ಧಿ ಬಂತು. ಒಂದೇ ಬಾಟಲಿ ನೀರು. ಫೋನಿಲ್ಲ. ಕಲ್ಲಿನ ಮೇಲೆ ಕೂತು ವಾಕಿಟಾಕಿ ಹಿಡಿದು, "ಗುರುಂಗ್, ಅವರು ಇಲ್ಲ" ಎಂದೆ.

ಅವನು ಎಲ್ಲರನ್ನೂ ಕಣಿವೆಬಾಯಿಗೆ ಇಳಿಸಿ, ತಾನು ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಓಡಿ ಪೊಲೀಸರಿಗೆ ಫೋನು ಮಾಡಿದ. ಹೆಲಿಕಾಪ್ಟರ್ ಕಳಿಸುತ್ತೇವೆ, ಜನರನ್ನು ಚದುರಲು ಬಿಡಬೇಡಿ ಎಂದರಂತೆ. ಬಿಡಬೇಡಿ ಎಂದರೆ ಯಾರು ಕೇಳುತ್ತಾರೆ? ನರ್ಸುಗಳು ಒಂದೊಂದು ಬಂಡೆಯ ಮೇಲೆ ನಿಂತು ಒಂದೊಂದು ಕಡೆಗೆ ಕೂಗತೊಡಗಿದರು. ಒಬ್ಬರು 'ಆಂಟೀ' ಎಂದರೆ ಇನ್ನೊಬ್ಬರು 'ಸಿಸ್ಟರ್', ಮಗಳು 'ಮಮ್ಮಾ', ನಾನು 'ಅಕ್ಕಾ'. ಎಲ್ಲ ದನಿಗಳೂ ಗುಡ್ಡಗಳಿಗೆ ಬಡಿದು ಕಲಸಿಹೋಗುತ್ತಿದ್ದವು.

ಶರೋನ್ ನನ್ನ ಎದುರು ಬಂದು ನಿಂತಳು. "ಅಂಕಲ್, ಯು ವರ್ ಬಿಹೈಂಡ್ ಹರ್, ರೈಟ್?"

ನಾನು ತಲೆ ತಗ್ಗಿಸಿದೆ. "ಇಲ್ಲ ಮಗಾ. ನಾನು ಮುಂದೆ ಹೋಗಿದ್ದೆ."

ಅವಳು ಬೈದಿದ್ದರೆ ಸಹಿಸಬಹುದಿತ್ತು. ಅವಳು ತಿರುಗಿ ಹೋಗಿ ಮತ್ತೆ ಕೂಗತೊಡಗಿದಳು. ಒಬ್ಬ ನರ್ಸಮ್ಮ ಆಡಿನ ದಾರಿಯ ನಡುವಿನ ಕವಲಿನಿಂದ ಏನೋ ಎತ್ತಿಕೊಂಡು ಬಂದರು. ನನ್ನ ಅಕ್ಷರದಲ್ಲಿ ಹದಿನಾಲ್ಕು ಎಂದು ಬರೆದ ಬಾಟಲಿ. ಒಳಗೆ ಒಂದು ಹನಿಯೂ ಇರಲಿಲ್ಲ. ಯಾವ ಕಡೆ ಹೋಗಿದ್ದಾರೆಂದು ತಿಳಿಯಿತು. ಬಾಯಿಗೆ ಹಾಕಿಕೊಳ್ಳಲು ಅವರ ಬಳಿ ಏನೂ ಇಲ್ಲವೆಂಬುದೂ ತಿಳಿಯಿತು. ಜನ ಕಳೆದುಹೋಗದ ಹಾಗೆ ನಾನು ಮಾಡಿದ್ದ ಉಪಾಯ ನನ್ನ ಕೈಯಲ್ಲೇ ಖಾಲಿಯಾಗಿ ಕೂತಿತ್ತು. ಈ ಹೆಂಗಸು ಹೋದರೆ ನನ್ನಿಂದ ಹೋದ ಹಾಗೆ, ಅಲ್ಲಾಹನ ಮುಂದೆಯೂ ನಾನು ನಿಂತು ಹೇಳಬೇಕಾದದ್ದು ಇದೇ ಎಂದುಕೊಂಡೆ.

ಆ ಗದ್ದಲ ಕೇಳಿ ಕೆಳಗಿನಿಂದ ಅಬು ಖಲ್ಫಾನ್ ಹತ್ತಿ ಬಂದರು. ಎಪ್ಪತ್ತು ದಾಟಿದ ಮುದುಕರು, ಒಂದು ಕೋಲು, ಸವೆದ ಚಪ್ಪಲಿ. ಬಂದವರೇ ಕೋಲೆತ್ತಿ ಗದರಿದರು. "ಬಸ್! ಖಲಾಸ್! ಎಲ್ಲರೂ ಬಾಯಿ ಮುಚ್ಚಿ!" ಅರಬಿ ಬಾರದವರಿಗೂ ಆ ದನಿ ಅರ್ಥವಾಯಿತು. ಬೆಟ್ಟ ನಿಶ್ಶಬ್ದವಾಯಿತು.

ಅವರು ನನಗೆ ಹೇಳಿದ್ದನ್ನು ನಾನು ಎಲ್ಲರಿಗೂ ಹೇಳಿದೆ. ಹೀಗೆ ಕೂಗಿದರೆ ಬೆಟ್ಟ ಅದನ್ನು ಆಚೆ ಕಡೆಯಿಂದ ತಿರುಗಿಸಿ ಕೊಡುತ್ತದೆ. ದಾರಿ ತಪ್ಪಿದವಳು ದನಿ ಬಂದ ಕಡೆಗೆ ಹೋಗುತ್ತಾಳೆ, ನೀವು ಕೂಗಿದಷ್ಟೂ ದೂರ ಹೋಗುತ್ತಾಳೆ. ಒಬ್ಬನೇ ಕೂಗಬೇಕು. ಒಂದೇ ಜಾಗದಲ್ಲಿ ನಿಂತು, ಒಂದೇ ಹೆಸರು. ಕೂಗಿ, ನೂರು ಎಣಿಸುವಷ್ಟು ಹೊತ್ತು ಕಿವಿಗೊಟ್ಟು ಕೇಳಬೇಕು.

"ನಿನ್ನ ದನಿ ದೊಡ್ಡದು, ನೀನೇ ಕೂಗು" ಎಂದರು ನನಗೆ. "ಅವಳ ಹೆಸರೇನು?"

ನಾನು ಮುಂಜಾನೆಯಿಂದ ಅವರ ಜೊತೆ ನಡೆದವನು, ಅವರ ಮೊಣಕಾಲಿನ ಕಥೆ, ವೀಸಾದ ಕಥೆ ಎಲ್ಲ ಗೊತ್ತಿದ್ದವನು. ಹೆಸರು ಗೊತ್ತಿರಲಿಲ್ಲ. ಹೆಂಗಸರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಸಲ್ಲದು, ಆದ್ದರಿಂದ ನಾನು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಎಲ್ಲರೂ ಅಕ್ಕಂದಿರೇ.

"ಅರ್ಬಾತಾಶ್" ಎಂದೆ. ಹದಿನಾಲ್ಕು.

ಮುದುಕರು ನನ್ನನ್ನೂ ನನ್ನ ಕೈಯ ಬಾಟಲಿಯನ್ನೂ ನೋಡಿದರು. "ನನ್ನ ಬಳಿ ಅರವತ್ತು ಆಡುಗಳಿವೆ" ಎಂದರು. "ಎಲ್ಲವಕ್ಕೂ ಹೆಸರಿದೆ." ಅಷ್ಟೇ ಹೇಳಿ ಮುಖ ತಿರುಗಿಸಿದರು.

"ಐರಿನ್" ಎಂದಳು ಮಗಳು. "ಮಮ್ಮಾಸ್ ನೇಮ್ ಈಸ್ ಐರಿನ್."

ಅಬು ಖಲ್ಫಾನ್ ತೋರಿಸಿದ ಬಂಡೆಯ ಮೇಲೆ ನಿಂತೆ. 'ಅಕ್ಕ' ಎನ್ನದೆ, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ 'ಬಾಯಿ' ಎಂದೂ ಸೇರಿಸದೆ, ಪರರ ಮನೆಯ ಹೆಂಗಸಿನ ಬರೀ ಹೆಸರನ್ನು ನಾನು ಜನ್ಮದಲ್ಲಿ ಮೊದಲ ಬಾರಿ ಕೂಗಿದೆ. "ಐರಿನ್!" ನೂರು ಎಣಿಸಿದೆ. ಮತ್ತೆ ಕೂಗಿದೆ, ಮತ್ತೆ ಎಣಿಸಿದೆ. ಹೀಗೆ ಎಷ್ಟು ಸಲವೋ. ಕೂಗುವುದಕ್ಕಿಂತ ಆ ನೂರು ಎಣಿಸುವುದು ಭಯಂಕರ. ಎಪ್ಪತ್ತು, ಎಂಬತ್ತು ಎಂದು ಬರುವಾಗ, ಈ ಸಲವೂ ಇಲ್ಲ ಎಂದುಕೊಳ್ಳುತ್ತಿದ್ದೆ. ಗಂಟಲು ಒಡೆದು ದನಿಯೇ ಹೋಗತೊಡಗಿತ್ತು.

ಆಗ ಮುದುಕರು ಕೋಲನ್ನು ಎತ್ತಿದರು. ನನಗೆ ಏನೂ ಕೇಳಿರಲಿಲ್ಲ. ಅವರು ಕಣ್ಣು ಮುಚ್ಚಿ ತಲೆಯನ್ನು ಒಂದು ಕಡೆಗೆ ವಾಲಿಸಿದ್ದರು. ಇನ್ನೊಮ್ಮೆ ಕೂಗಿಸಿದರು. ಈಗ ನನಗೂ ಕೇಳಿತು. ಬಹಳ ಕೆಳಗಿನಿಂದ, ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಟಕ್, ಟಕ್, ಟಕ್. ನಿಂತಿತು. ಮತ್ತೆ ಟಕ್, ಟಕ್, ಟಕ್.

ಶರೋನ್ ಕುಸಿದು ಕೂತು ಅತ್ತಳು. ನಾನು ನಿಂತೇ ಅತ್ತೆ.

ಅವರು ಸಿಕ್ಕಿದ್ದು ಆಚೆ ಕಣಿವೆಯ ತಳದಲ್ಲಿ, ಚಾಚಿದ ಒಂದು ಬಂಡೆಯ ಅಡಿಯಲ್ಲಿ. ಪಾದದ ಗಂಟು ಉಳುಕಿ ಊದಿಕೊಂಡಿತ್ತು. ತುಟಿ ಒಡೆದಿತ್ತು, ಮೈಯಲ್ಲಿ ಬೆವರೇ ಇರಲಿಲ್ಲ. ನರ್ಸಲ್ಲವೇ, ಬೆವರು ನಿಂತಿತೆಂದು ತಿಳಿದ ಕೂಡಲೇ ನಡೆಯುವುದನ್ನು ಬಿಟ್ಟು ನೆರಳು ಹಿಡಿದು ಮಲಗಿದ್ದರಂತೆ. ಅದೇ ಅವರನ್ನು ಉಳಿಸಿದ್ದು. ಗೆಳತಿಯರು ತಲೆಗೆ ಒದ್ದೆ ಬಟ್ಟೆ ಹಾಕಿ ಹನಿಹನಿಯಾಗಿ ನೀರು ಕೊಟ್ಟರು. ದೂರದಲ್ಲಿ ಹೆಲಿಕಾಪ್ಟರಿನ ಸದ್ದು ಶುರುವಾಗಿತ್ತು. ಅವರು ನನ್ನ ಕಡೆ ಕಣ್ಣು ಹೊರಳಿಸಿದರು.

"ನೀವು ಅಕ್ಕಾ ಅಂತ ಕರೆದದ್ದು ಕೇಳಿತು, ಹಸನಾಕ" ಎಂದರು. ದನಿ ಪಿಸುಗುಟ್ಟಿದ ಹಾಗಿತ್ತು. "ಎದುರು ಗುಡ್ಡೆಯಿಂದ ಕರೆದ ಹಾಗೆ ಕೇಳಿತು. ಅಲ್ಲಿಗೆ ಅಂತ ಇಳಿದೆ. ಮತ್ತೆ ಇನ್ನೊಂದು ಕಡೆಯಿಂದ ಕೇಳಿತು, ಅಲ್ಲಿಗೆ ಹೋದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನು ಕೂಗಿ ಕೂಗಿಯೇ ಅವರನ್ನು ಆ ತಳಕ್ಕೆ ಇಳಿಸಿದ್ದೆ.

"ಕೊನೆಗೆ ಐರಿನ್ ಅಂತ ಕೇಳಿತು" ಎಂದರು. "ಆಸ್ಪತ್ರೆಯಲ್ಲಿ ನಾನು ಸಿಸ್ಟರ್. ಊರಲ್ಲಿ ಬಾಯಿ. ಬರೀ ಐರಿನ್ ಅಂತ ಕರೀತಿದ್ದದ್ದು ನನ್ನ ಅಮ್ಮ ಒಬ್ಬರೇ. ಅಮ್ಮ ಕರೀಲಿಕ್ಕೆ ಬಂದಿದ್ದಾರೆ, ಹೋಗುವ ಹೊತ್ತಾಯ್ತು ಅಂತ ಗ್ರಹಿಸಿದೆ. ಅಮ್ಮನಿಗೆ ಗೊತ್ತಾಗ್ಲಿ ಅಂತ ಕಲ್ಲು ಕುಟ್ಟಿದೆ."

ಹೆಲಿಕಾಪ್ಟರು ಅವರನ್ನು ಎತ್ತಿಕೊಂಡು ಹೋಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಗುಣವಾದರು. ಜೂನಿನಲ್ಲಿ ಊರಿಗೆ ಹೋದರು. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಫೋನು ಮಾಡುತ್ತಾರೆ. "ಹಸನಾಕ, ನಾನು ಐರಿನ್" ಎಂದೇ ಶುರುಮಾಡುತ್ತಾರೆ.

ಮರುದಿನ ಕುರಿಯನ್ ಸರ್ ವರದಿ ಬರೆಯಲು ಕಾಗದ ಕೊಟ್ಟರು. 'ಅತಿಥಿಯು ಯಾರಿಗೂ ಹೇಳದೆ ದಾರಿ ಬಿಟ್ಟು ಹೋದರು' ಎಂದು ಬರೆದರೆ ನಿನಗೂ ಒಳ್ಳೆಯದು, ಕಂಪನಿಗೂ ಒಳ್ಳೆಯದು ಎಂದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಹೆದರಿಕೆ. ನನ್ನ ವೀಸಾ ಅವರ ಕೈಯಲ್ಲಿತ್ತು. ನಾನು ಬರೆದೆ: 'ಅವರು ನನಗೆ ಹೇಳಿಯೇ ಹೋದರು. ನಾನು ಮುಂದೆ ಹೋದೆ. ಆಮೇಲೆ ವಾಕಿಟಾಕಿಯಲ್ಲಿ ಸುಳ್ಳು ಹೇಳಿದೆ.' ಸರ್ ಅದನ್ನು ಎರಡು ಸಲ ಓದಿ ಡ್ರಾಯರಿನಲ್ಲಿ ಇಟ್ಟರು. ನನ್ನನ್ನು ತೆಗೆದುಹಾಕುತ್ತಾರೆ ಎಂದು ಇಡೀ ಬೇಸಿಗೆ ಹೆದರಿಕೊಂಡಿದ್ದೆ. ನವೆಂಬರಿನಲ್ಲಿ ಹೊಸ ಜಾಹೀರಾತಿನ ಕಾಗದ ಬಂತು. ಅದರಲ್ಲಿ 'ಸುಲಭ' ಎಂಬ ಮಾತು ಇರಲಿಲ್ಲ. ಸಾಲಿನ ಕೊನೆಗೆ ನನ್ನ ಜೊತೆ ಒಬ್ಬಳು ಹುಡುಗಿಯನ್ನೂ ಹಾಕಿದ್ದರು. ಆ ಹುಡುಗಿ ಸುಪ್ರೀತಾ ಇಂದು ನಿಮ್ಮ ಹಿರಿಯ ಗೈಡು, ಅವಳ ಕೆಲಸ ಶುರುವಾದದ್ದೇ ಹಾಗೆ.

ಈಗ ಪ್ರತಿಯೊಬ್ಬರ ಕೊರಳಿಗೂ ಸೀಟಿ, ನಿಮ್ಮ ಕೈಗೆ ಗಡಿಯಾರ, ಬೆಟ್ಟದಲ್ಲೂ ಮಾತಾಡುವ ಹೊಸ ಫೋನು. ಎಲ್ಲ ಒಳ್ಳೆಯದೇ, ಬಳಸಿ. ಆದರೆ ಬಸ್ಸಿನಲ್ಲಿ ನೀರು ಕೊಡುವಾಗ ಹೆಸರು ಕೇಳಿ. ಮನೆಯಲ್ಲಿ ಅವರ ಅಮ್ಮ ಕರೆಯುತ್ತಿದ್ದ ಹೆಸರು ಯಾವುದೆಂದು ಕೇಳಿ. ಬಾಟಲಿಯ ಮೇಲೆ ಅದನ್ನೇ ಬರೆಯಿರಿ. ಯಾರಾದರೂ ಬಂಡೆಯ ಹಿಂದೆ ಹೋಗಬೇಕೆಂದರೆ ನಾಚದೆ ಹೇಳಿ, "ಹೋಗಿ ಬನ್ನಿ, ನಾನು ಈ ಕಡೆ ತಿರುಗಿ ಇಲ್ಲೇ ನಿಂತಿರ್ತೇನೆ, ಮಾತಾಡ್ತಾ ಇರಿ" ಎಂದು. ತಪ್ಪಾದರೆ ಮೊದಲ ನಿಮಿಷದಲ್ಲೇ ಬಾಯಿ ಬಿಡಿ. ಹೆದರಿಕೆಯಾದರೆ ಅದನ್ನು ಅದುಮಿಡಬೇಡಿ, ಅದು ಇದ್ದರೆ ಕಾಲು ತಾನೇ ಹಿಂದೆ ನಿಲ್ಲುತ್ತದೆ.

ಆ ದಿನ ಸಂಜೆ ನಾನು ಮನೆಗೆ ಹೇಗೆ ಬಂದೆನೋ ತಿಳಿಯದು. ಆಗ ನಾವು ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಫ್ಯಾನು ಜೋರಾಗಿ ತಿರುಗುತ್ತಿತ್ತು, ಹೆಂಡತಿ ಮಾತ್ರ ಕಾಣಲಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಗಿತ್ತು, ಒಮ್ಮೆಯೂ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಕೇಳಿತಾ' ಎಂದರೆ ಅವಳು ಬರುತ್ತಿದ್ದಳು. ಆ ಖಾಲಿ ಕೋಣೆ ನೋಡಿ ನನಗೆ ಮತ್ತೆ ಆ ಬಂಡೆಯ ಹಿಂದೆ ಇಣುಕಿದ ಹಾಗಾಯಿತು.

"ಮೈಮೂನಾ!"

ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಅಕ್ಕಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಮುಖ ಬಿಳಿಚಿಕೊಂಡಿತ್ತು. ನಮ್ಮ ಬ್ಯಾರಿ ಮಾತಿನಲ್ಲಿ ಕೇಳಿದಳು, "ಯಾರು ತೀರಿಹೋದದ್ದು?"

"ಯಾರೂ ಇಲ್ಲ."

"ಮತ್ತೆ ಹೆಸರು ಹಿಡಿದು ಯಾಕೆ ಕರೆದ್ರಿ?"

"ಓ ಅಂತೀಯಾ ಅಂತ ನೋಡಿದೆ" ಎಂದೆ.

ಅವಳು ನನ್ನ ಮುಖವನ್ನು, ಧೂಳು ಮೆತ್ತಿದ ಶೂವನ್ನು, ಕೈಯಲ್ಲಿ ಇನ್ನೂ ಹಿಡಿದೇ ಇದ್ದ ಖಾಲಿ ಬಾಟಲಿಯನ್ನು ನೋಡಿದಳು. ಬಾಟಲಿಯನ್ನು ಕೈಯಿಂದ ಬಿಡಿಸಿಕೊಂಡಳು.

"ಓ" ಎಂದಳು.